ಒಂದೇ ಅರ್ಥದ ಎರಡು ಮಾತು

ಹೇಳಿದ್ದನ್ನೇ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಮದುವೆಗೆ ಕರೆಯಲು ಬಂದವರು ತಪ್ಪದೆ ಬರಬೇಕು, ಮರೆಯದೆ ಬರಬೇಕು ಎಂದರೆ, ಎರಡರಲ್ಲಿ ಒಂದನ್ನು ಮನೆಯಲ್ಲೇ ಬಿಟ್ಟುಬಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದುಕೊಳ್ಳುವ ಸ್ವಭಾವ ನನ್ನದು. ಇಂಥವಳಿಗೆ ಇಷ್ಟು ವರ್ಷ ಅನ್ನ ಹಾಕಿದ್ದು ಹಳೆಯ ಇಂಗ್ಲಿಷ್ ಗದ್ಯ. ಜಮಖಂಡಿಯ ಕಾಲೇಜೊಂದರಲ್ಲಿ ಬಿ.ಎ. ಮಕ್ಕಳಿಗೆ ಅದನ್ನು ಕಲಿಸುತ್ತೇನೆ. ಆ ಗದ್ಯವೋ, ಒಂದು ಮಾತನ್ನು ಎರಡು ಸಲ ಹೇಳದೆ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ.

ರದ್ದಾಯಿತು ಎನ್ನಬೇಕಾದಲ್ಲಿ ಅದು ‘ನಲ್ ಅಂಡ್ ವಾಯ್ಡ್’ ಎನ್ನುತ್ತದೆ. ನಲ್ ಎಂದರೂ ರದ್ದು, ವಾಯ್ಡ್ ಎಂದರೂ ರದ್ದು. ಮೃತ್ಯುಪತ್ರಕ್ಕೆ ‘ವಿಲ್ ಅಂಡ್ ಟೆಸ್ಟಮೆಂಟ್’. ಮನೆಯ ಸಾಮಾನಿಗೆ ‘ಗೂಡ್ಸ್ ಅಂಡ್ ಚಾಟಲ್ಸ್’. ಬಹಳ ಹಿಂದೆ ಆ ದೇಶದ ದೊಡ್ಡವರ ಭಾಷೆ ಫ್ರೆಂಚು, ಊರ ಮಂದಿಯ ಭಾಷೆ ಇಂಗ್ಲಿಷು ಇತ್ತಂತೆ. ಕಾಗದ ಬರೆಯುವವನು ಇಬ್ಬರಿಗೂ ತಿಳಿಯಲಿ ಎಂದು ಎರಡೂ ಕಡೆಯ ಪದ ಹಾಕಿದ. ಪುಸ್ತಕಗಳು ಕೊಡುವ ಕಾರಣ ಇದು. ಎಲ್ಲ ಜೋಡಿಗೂ ಈ ಕಾರಣ ಹೊಂದುವುದಿಲ್ಲ. ಕೆಲವು ಜೋಡಿಗಳಲ್ಲಿ ಎರಡೂ ಇಂಗ್ಲಿಷ್ ಪದಗಳೇ. ಅದು ಬರೀ ಕಿವಿಯ ಚಟ. ಸಿಕ್ಕ ಜೋಡಿಗಳನ್ನೆಲ್ಲ ಬರೆದಿಡಲು ನಾನೊಂದು ವಹಿ ಮಾಡಿದ್ದೆ. ಇಷ್ಟವಿಲ್ಲದ್ದನ್ನು ಕೂಡಿಸಿಡುವ ಚಟಕ್ಕೆ ಏನೆನ್ನಬೇಕೋ ತಿಳಿಯದು.

ಕಾಲೇಜಿನ ಜೊತೆಗೆ ಇನ್ನೊಂದು ಕೆಲಸವಿತ್ತು. ನಮ್ಮದು ಸಂಸ್ಥಾನದ ಕಾಲದಿಂದಲೂ ಕಾಗದದ ಮೇಲೆ ಬದುಕಿದ ಮನೆತನ. ಅಜ್ಜ ದಫ್ತರದಲ್ಲಿ ಗುಮಾಸ್ತ, ಅಪ್ಪ ಕೋರ್ಟಿನಲ್ಲಿ ನಕಲು ತೆಗೆಯುವವರು. ಅಪ್ಪನ ಗುರುತಿನ ವಕೀಲರು ಹಳೆಯ ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ಮಾಡಿಸಲು ನಮ್ಮ ಮನೆಗೇ ಕಳಿಸುತ್ತಿದ್ದರು. ಈ ಕೆಲಸದಲ್ಲಿ ನನ್ನದೊಂದು ಕಟ್ಟುನಿಟ್ಟಿತ್ತು: ಮೂಲದ ಒಂದು ಪದವನ್ನೂ ಬಿಡಬಾರದು. ಎರಡು ಪದವಿದ್ದರೆ ಕನ್ನಡದಲ್ಲೂ ಎರಡು ಇರಬೇಕು. ‘ಗೂಡ್ಸ್ ಅಂಡ್ ಚಾಟಲ್ಸ್’ ಎಂಬುದನ್ನು ಒಬ್ಬ ಗುಮಾಸ್ತರು ‘ಸರಕು ಮತ್ತು ದನಕರು’ ಎಂದು ಮಾಡಿದ್ದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದೇನೆ. ಚಾಟಲ್ಸ್ ಅವರಿಗೆ ಕ್ಯಾಟಲ್ ಎಂದು ಕಂಡಿತ್ತು. ನಮ್ಮಲ್ಲೊಂದು ಗಾದೆ ಇದೆ, ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರಂತೆ ಎಂದು. ನನ್ನ ಎಲೆಯ ಹೆಗ್ಗಣ ಕಾಣಲು ನನಗೆ ಹನ್ನೊಂದು ವರ್ಷ ಹಿಡಿಯಿತು.

ಅದು ಕಂಡದ್ದು ಹೋದ ವರ್ಷ, ತರಗತಿಯಲ್ಲಿ, ಮಧ್ಯಾಹ್ನದ ಊಟ ಮುಗಿದು ಅರ್ಧ ಮಂದಿ ತೂಕಡಿಸುವ ಹೊತ್ತಿನಲ್ಲಿ. ಜೋಡಿ ಪದಗಳ ಪಾಠ ಮಾಡುತ್ತಿದ್ದೆ. ಅನಗವಾಡಿಯಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ಎದ್ದು ನಿಂತಳು.

“ಮ್ಯಾಡಮ್ಮಾರ, ಒಂದ ಮಾತು ಎರಡ ಸಲ ಅಂದ್ರ ಅವರಿಗೆ ಬ್ಯಾಸರ ಬರತಿದ್ದಿಲ್ಲೇನ್ರಿ?”

“ನಿನಗ ಬರತೈತೇನು?” ಎಂದೆ. “ಮನ್ಯಾಗ ನೀವು ಬಟ್ಟಿಬರಿ ಅಂತೀರಿ. ಬಟ್ಟಿ ಅಂಗಡ್ಯಾಗ ಸಿಗತೈತಿ. ಬರಿ ಎಲ್ಲಿ ಸಿಗತೈತಿ, ಹೇಳು ನೋಡೋಣ.”

ತೂಕಡಿಸುತ್ತಿದ್ದವರೂ ಎಚ್ಚರಾದರು. ಬಟ್ಟೆಬರೆ, ದಿಕ್ಕುದೆಸೆ, ಹಣ್ಣುಹಂಪಲು, ಮನೆಮಾರು ಎಂದು ಒಬ್ಬೊಬ್ಬರು ಒಂದೊಂದು ಕೂಗಿದರು. ಮನೆಮಾರು ಎಂದಾಗ ಹಿಂದಿನ ಬೆಂಚಿನಿಂದ ಯಾರೋ ಅದನ್ನು ಇಂಗ್ಲಿಷ್ ಮಾಡಿದರು: “ಹೌಸ್ ಸೆಲ್‌ರಿ.” ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಮನೆಮಾರು ಎಂದರೆ ಮನೆ ಅಷ್ಟೇ. ಅದರಲ್ಲಿ ಮಾರುವ ಮಾತೇ ಇಲ್ಲ. ಮನೆಮಾರು ಬಿಟ್ಟು ಬಂದ ಎಂದರೆ ಮನೆಯನ್ನು ಮಾರಿ ಬಂದ ಎಂದು ನಮ್ಮಲ್ಲಿ ಮೂರು ವರ್ಷದ ಕೂಸೂ ತಿಳಿಯುವುದಿಲ್ಲ.

ನಗು ನಿಂತ ಮೇಲೆ ಪಾಠದ ಮುಂದಿನ ಜೋಡಿಗೆ ಬಂದೆ: ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’. ಹಿಂಡ್ರನ್ಸ್ ಎಂದರೆ ಅಡ್ಡಿ. ಲೆಟ್ ಎಂದರೆ ಬಾಡಿಗೆಗೆ ಕೊಡುವುದು ಎಂದು ಹೇಳಲು ಬಾಯಿ ತೆರೆದೆ. ಊರ ತುಂಬ ಖಾಲಿ ಮನೆಗಳ ಮೇಲೆ ‘ಟು ಲೆಟ್’ ಎಂದು ಬೋರ್ಡುಗಳು ತೂಗುತ್ತಿರುತ್ತವೆ, ಯಾರಿಗೆ ಗೊತ್ತಿಲ್ಲ? ಆದರೆ ಕರಿಹಲಗೆಯ ಮೇಲೆ ಆವರೆಗೆ ಬರೆದ ಜೋಡಿಗಳೆಲ್ಲ ಒಂದೇ ಅರ್ಥದವು. ಇದೊಂದೇ ಬೇರೆ ಯಾಕಿರಬೇಕು? ಬಾಯಿ ತೆರೆದವಳು ಹಾಗೇ ನಿಂತೆ.

ಅಷ್ಟರಲ್ಲಿ ಟೇಬಲ್ ಟೆನಿಸ್ ಆಡುವ ಮುಧೋಳದ ಹುಡುಗಿ ಹೇಳಿದಳು: “ನಮ್ಮ ಆಟದಾಗ ಲೆಟ್ ಅಂತಾರ್ರಿ ಮ್ಯಾಡಮ್ಮಾರ. ಸರ್ವಿಸ್ ಹೊಡದಾಗ ಬಾಲ್ ನೆಟ್ ಮುಟ್ಟಿ ಆಚಿ ಬಿದ್ರ ಲೆಟ್. ನಡುವ ಅಡ್ಡಿ ಆತಲ್ರಿ, ಅದಕ್ಕ ಮತ್ತ ಹೊಡೀಬೇಕು.”

“ಬರೋಬ್ಬರಿ,” ಎಂದೆ. ಪಾಠ ಮುಂದುವರಿಸಿದೆ. ಗಂಟೆ ಬಾರಿಸುವವರೆಗೆ ಏನು ಹೇಳಿದೆನೋ ಈಗ ನೆನಪಿಲ್ಲ. ಸ್ಟಾಫ್ ರೂಮಿಗೆ ಹೋಗಿ ದೊಡ್ಡ ಶಬ್ದಕೋಶ ತೆಗೆದೆ. ಲೆಟ್: ಹಳೆಯ ಬಳಕೆ, ಅಡ್ಡಿ, ತಡೆ. ವಿದೌಟ್ ಲೆಟ್ ಆರ್ ಹಿಂಡ್ರನ್ಸ್ ಎಂದರೆ ಅಡ್ಡಿಆತಂಕವಿಲ್ಲದೆ. ಕನ್ನಡದಲ್ಲಿ ಅದಕ್ಕೆ ತಕ್ಕ ಜೋಡಿಯೇ ಸಿದ್ಧವಿತ್ತು. ಈ ಮಾತನ್ನು ನಾನು ಹಿಂದೊಮ್ಮೆ ಕನ್ನಡಕ್ಕೆ ಮಾಡಿದ್ದೆ, ಬನಹಟ್ಟಿಯ ಒಬ್ಬ ಹೆಣ್ಣುಮಗಳಿಗೆ.

ಮನೆಗೆ ಬಂದು ಹಳೆಯ ಫೈಲು ಹುಡುಕಿದೆ. ಮಾಡಿದ ಪ್ರತಿಯೊಂದು ಭಾಷಾಂತರದ ಝೆರಾಕ್ಸ್ ಇಟ್ಟುಕೊಳ್ಳುತ್ತೇನೆ. ಅದೂ ಸಿಕ್ಕಿತು. ಆಕೆ ನೇಕಾರರ ಮನೆಯ ಸೊಸೆ. ಗಂಡ ಮೊದಲು ತೀರಿಕೊಂಡಿದ್ದ. ಆಮೇಲೆ ಮಾವ, ತಾನು ಹೋಗುವ ಮುಂಚೆ, ಮನೆಯ ಮುಂದಿನ ಮಗ್ಗದ ಕೋಣೆಯನ್ನು ಆಕೆಗೆ ಬರೆದಿಟ್ಟಿದ್ದ. ವಯಸ್ಸಿನಲ್ಲಿ ಸೊಲ್ಲಾಪುರದ ಗಿರಣಿಯಲ್ಲಿ ದುಡಿದವನಾದ್ದರಿಂದ ಅಲ್ಲಿಯ ಗುರುತಿನ ವಕೀಲನಿಂದಲೇ ಮೃತ್ಯುಪತ್ರ ಬರೆಸಿದ್ದ. ಆ ವಕೀಲ ಹಳೇ ಕಾಲದವನು, ಹಳೇ ಇಂಗ್ಲಿಷಿನವನು. ಸೊಸೆ ಜೀವವಿರುವವರೆಗೆ ಆ ಕೋಣೆಯನ್ನು ಯಾರಿಂದಲೂ ಲೆಟ್ ಆರ್ ಹಿಂಡ್ರನ್ಸ್ ಇಲ್ಲದೆ ಅನುಭವಿಸಲಿ ಎಂಬುದು ಅದರ ಸಾರ. ಮಾವ ತೀರಿಕೊಂಡ ಮೇಲೆ ಪುರಸಭೆಯಲ್ಲಿ ಹೆಸರು ಹಚ್ಚಲು ಕನ್ನಡ ಪ್ರತಿ ಬೇಕಾಯಿತು. ಆಕೆ ನಮ್ಮ ಮನೆಗೆ ಬಂದಳು.

ನಾನು ಬರೆದಿದ್ದೆ: ‘ಸದರಿ ಕೋಣೆಯನ್ನು ಯಾರಿಗೂ ಬಾಡಿಗೆಗೆ ಕೊಡದೆ, ಯಾರ ಅಡ್ಡಿಯೂ ಇಲ್ಲದೆ ಅನುಭವಿಸತಕ್ಕದ್ದು.’ ಎರಡು ಪದಕ್ಕೆ ಎರಡು ಮಾತು. ‘ಯಾರಿಂದಲೂ’ ಎಂದಿದ್ದದ್ದು ಒಂದು ಕಡೆ ‘ಯಾರಿಗೂ’ ಆಗಿತ್ತು, ಇನ್ನೊಂದು ಕಡೆ ‘ಯಾರ’ ಆಗಿತ್ತು. ವಾಕ್ಯ ಎಷ್ಟು ನೇರ್ಪಾಗಿ ಕೂತಿತ್ತೆಂದರೆ ಆಗ ನನಗೆ ಹೆಮ್ಮೆಯೇ ಆಗಿರಬೇಕು. ಕೆಳಗೆ ನನ್ನ ಸಹಿ, ಅದರ ಕೆಳಗೆ ಮೂಲಕ್ಕೆ ಸರಿಯಾಗಿದೆ ಎಂಬ ಒಕ್ಕಣೆ.

ಯಾವ ವಕೀಲರೂ ಇದನ್ನು ಹಿಡಿಯಲಿಲ್ಲವೇ ಎಂದು ಕೇಳಬಹುದು. ಮೂಲ ಓದಿದ್ದರೆ ಹಿಡಿಯುತ್ತಿದ್ದರು. ಆದರೆ ಕನ್ನಡ ಪ್ರತಿ ಕೈಯಲ್ಲಿರುವಾಗ ಇಂಗ್ಲಿಷ್ ಓದುವ ತ್ರಾಸು ಯಾರು ತೆಗೆದುಕೊಳ್ಳುತ್ತಾರೆ? ಮೂಲ ಟ್ರಂಕಿಗೆ ಹೋಯಿತು. ನಾನು ಬರೆದದ್ದೇ ಮೃತ್ಯುಪತ್ರವಾಯಿತು.

ಕೂಡಲೇ ಬನಹಟ್ಟಿಯ ಬಸ್ಸು ಹತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕು ದಿನ ಸುಮ್ಮನಿದ್ದೆ. ಆಕೆ ತಾನೇ ನೇಯ್ದುಕೊಂಡಿರಬಹುದು, ಬಾಡಿಗೆಯ ಪ್ರಶ್ನೆಯೇ ಬಂದಿರಲಿಕ್ಕಿಲ್ಲ ಎಂದುಕೊಂಡೆ. ತೀರಿಕೊಂಡಿರಬಹುದು ಎಂದೂ ಅಂದುಕೊಂಡೆ. ಆ ಯೋಚನೆಯಲ್ಲಿ ಒಂದಿಷ್ಟು ಆಸೆಯೂ ಬೆರೆತಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಗೊತ್ತಾದರೆ ವಕೀಲರು ನನ್ನ ಮನೆಗೆ ಕಾಗದ ಕಳಿಸುವುದನ್ನು ಬಿಡುತ್ತಿದ್ದರು, ಗುಮಾಸ್ತರ ದನಕರುಗಳ ಜೊತೆ ನನ್ನ ಬಾಡಿಗೆಯೂ ಸೇರಿ ಕೋರ್ಟಿನ ಬಾರ್ ರೂಮಿನ ನಗೆಯಾಗುತ್ತಿತ್ತು. ಐದನೆಯ ದಿನ ರವಿವಾರ. ಬೆಳಿಗ್ಗೆ ಚಹಾ ಕುಡಿಯುವಾಗ ನನ್ನ ಮೇಲೆ ನನಗೇ ಸಿಟ್ಟು ಬಂದು ಹೊರಟೆ.

ರವಿವಾರವಾದರೂ ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ನಡೆದೇ ಇತ್ತು. ವಿಳಾಸದ ಮನೆ ಸಿಕ್ಕಿತು. ಮುಂದಿನ ಕೋಣೆಗೆ ಕೀಲಿ ಹಾಕಿತ್ತು. ಆಕೆ ಎಲ್ಲಿ ಎಂದು ಓಣಿಯವರನ್ನು ಕೇಳಿದರೆ ಎದುರು ಮನೆ ತೋರಿಸಿದರು. ಅಲ್ಲಿ, ಬೇರೆಯವರ ಮಗ್ಗದ ಪಕ್ಕದಲ್ಲಿ, ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅರವತ್ತು ದಾಟಿರಬೇಕು. ನಾನು ಗುರುತು ಹಿಡಿಯುವ ಮೊದಲೇ ಆಕೆ ಹಿಡಿದಳು.

“ಬಾಯಾರ, ನೀವು ಜಮಖಂಡಿಯವರಲ್ಲೇನ್ರಿ? ನಮ್ಮ ಕಾಗದ ಕನ್ನಡ ಮಾಡಿ ಕೊಟ್ಟವ್ರು?”

ಹೌದೆಂದೆ. ಮನೆಗೆ ಕರೆದುಕೊಂಡು ಹೋದಳು. ಕೀಲಿ ಹಾಕಿದ ಕೋಣೆಯ ಪಕ್ಕದ ಸಂದಿಯಿಂದ ಹಾಯ್ದು ಹಿಂದಿನ ಒಂದೇ ಖೋಲಿ. ಕೂಡಲು ಚಾಪೆ ಹಾಸಿ, ನೀರು ಕೊಟ್ಟು, ಚಹಾಕ್ಕೆ ಇಟ್ಟಳು.

“ಮುಂದಿನ ಖೋಲಿ ಈಗ ಯಾರ ಕಡೆ ಐತ್ರಿ, ಅಕ್ಕಾ?” ಎಂದು ಕೇಳಿದೆ.

“ಇವತ್ತಿಗೆ ನನ್ನ ಕಡೆನ ಐತ್ರಿ. ನಾಳೆ ನೋಂದಣಿ ಕಚೇರಿಗೆ ಹೋಗಿ ಮೈದುನಗ ಬಿಟ್ಟು ಕೊಡಾಕತ್ತೇನಿ.”

ಆಕೆ ಹೇಳಿದ್ದನ್ನು ಅದೇ ಓಘದಲ್ಲಿ ಬರೆಯಲು ನನಗೆ ಬರುವುದಿಲ್ಲ. ಮೊಣಕಾಲು ನೋವಿನಿಂದ ಮಗ್ಗದ ಮುಂದೆ ನಿಲ್ಲುವುದು ಆಗದಾಗಿ ಆರು ವರ್ಷವಾಗಿತ್ತು. ಇದ್ದ ಎರಡು ಮಗ್ಗ ಗುಜರಿಗೆ ಹೋದವು. “ಮುಧೋಳ ಕಡಿಂದ ಗಂಡ ಹೆಂಡತಿ ಬಂದಿದ್ರರಿ. ನಿಮ್ಮ ಖೋಲ್ಯಾಗ ನಾವು ಮಗ್ಗ ಹಾಕತೀವಿ, ತಿಂಗಳಾ ಬಾಡಿಗಿ ಕೊಡತೀವಿ ಅಂದ್ರು. ಛಲೋ ಮಂದಿ. ಬ್ಯಾಡ ಅಂದು ಕಳಿಸಿದ್ನಿ. ಕಾಗದದಾಗ ಐತೆಲ್ರಿ, ಯಾರಿಗೂ ಬಾಡಿಗಿ ಕೊಡಬಾರದು ಅಂತ.” ಅವರ ಹಿಂದೆ ಇನ್ನಿಬ್ಬರು ಬಂದಿದ್ದರಂತೆ, ಅವರನ್ನೂ ಹಾಗೇ ಕಳಿಸಿದ್ದಳು. ನೇಯಲು ಆಗದು, ಬಾಡಿಗೆಗೆ ಕೊಡಬಾರದು, ಖಾಲಿ ಇಟ್ಟುಕೊಂಡು ಮಾಡುವುದೇನು ಎಂದು ಮೈದುನ ಕೇಳಿದ. ಆಕೆ ಬಿಟ್ಟುಕೊಡಲು ಒಪ್ಪಿಕೊಂಡಿದ್ದಳು.

ನಾನು ಬಂದ ಕಾರಣ ಹೇಳಿದೆ. ಹಳೆಯ ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಎರಡು ಮಾತು ಹಾಕುತ್ತಿದ್ದರು, ನಾವು ಮನೆಮಾರು ಅಂದ ಹಾಗೆ. ಮಾರು ಅಂದರೆ ಮಾರಾಟ ಎಂದು ತಿಳಿದವರ ಹಾಗೆ ನಾನು ತಿಳಿದೆ. ಬಾಡಿಗೆಯ ಮಾತು ಕಾಗದದಲ್ಲಿ ಇಲ್ಲವೇ ಇಲ್ಲ. ಅಡ್ಡಿಆತಂಕ ಇಲ್ಲದಂಗ ಇರಲಿ, ಅಷ್ಟೇ ಐತಿ. ತಪ್ಪು ನನ್ನದು.

ಆಕೆ ಚಹಾ ಸೋಸುವುದನ್ನು ನಿಲ್ಲಿಸಿದಳು. ಹಾಗಾದರೆ ಬಾಡಿಗೆಗೆ ಕೊಡಬಹುದೇ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಕೊಡಬಹುದು ಎಂಬ ಉತ್ತರವನ್ನು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ.

“ಹಂಗಾರ ಆ ಮಾತು ಮಾವನೋರು ಬರಸಿದ್ದಲ್ಲೇನ್ರಿ?” ಎಂದಳು.

“ಅಲ್ಲರಿ.”

“ಖರೆ?”

“ಖರೆ. ಅದು ನಾ ಬರೆದದ್ದು.”

ಆಕೆ ನೆಲ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದಳು: “ಗಂಡ ಸತ್ತಾಗ ತವರಿಗೆ ಹೋಗು ಅಂತ ಎಲ್ಲಾರೂ ಅಂದ್ರರಿ. ಮಾವನೋರು ಒಬ್ಬರ, ನೀ ನನ್ನ ಮಗಳು, ಇಲ್ಲೇ ಇರು ಅಂದ್ರು. ಮಗ್ಗದ ಮುಂದ ನಿಂದರಸಿ ಎಳಿ ಕಟ್ಟೂದು ಅವರ ಕಲಿಸಿದ್ರು. ಅವರು ಹೋದಾಗ ನಮ್ಮಪ್ಪ ಹೋದಾಗಿಂತ ಜಾಸ್ತಿ ಅತ್ತೀನಿ. ಆಮ್ಯಾಲ ನೀವು ಈ ಕಾಗದ ಓದಿ ಹೇಳಿದ್ರಿ. ಯಾರಿಗೂ ಬಾಡಿಗಿ ಕೊಡದ ಅಂತ. ಗಂಡ ಇಲ್ಲದಾಕಿ, ಹೊರಗಿನ ಗಂಡಸರು ಬಂದು ಮಗ್ಗ ಹಾಕಿದ್ರ ಏನಾರ ಆದೀತು ಅಂತ ಬರಸ್ಯಾರ ಅಂದಕೊಂಡ್ನಿ. ಹತ್ತಿರ ಇದ್ದಾಗ ಮಗಳಾ ಅಂದ್ರು, ಒಳಗ ನನ್ನ ಮ್ಯಾಲ ಸಂಶೇನ ಇಟ್ಟಿದ್ರು ಅಂದಕೊಂಡ್ನಿ. ಅವರು ತೀರಿಕೊಂಡ ದಿನದ ವರ್ಷದ ಪೂಜಿಗೆ ಮೈದುನನ ಮನಿಗೆ ಒಂದ ಸಲಾನೂ ಹೋಗಿಲ್ಲರಿ ನಾನು.”

ತಪ್ಪೆಂದರೆ ಒಂದು ಕೋಣೆಯ ಬಾಡಿಗೆಯ ತಪ್ಪು ಎಂದುಕೊಂಡು ಬಂದಿದ್ದೆ. ಸತ್ತ ಮುದುಕನ ಬಾಯಲ್ಲಿ ಇಲ್ಲದ ಮಾತು ಇಟ್ಟು, ಅದನ್ನು ಆಕೆಗೆ ನಾನೇ ಗಟ್ಟಿಯಾಗಿ ಓದಿ ಹೇಳಿದ್ದೆ. ಆಕೆಗೆ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು.

ಅಷ್ಟರಲ್ಲಿ ಮೈದುನ ಬಂದ. ಯಾರೋ ಜಮಖಂಡಿಯವರು ಬಂದಿದ್ದಾರೆ ಎಂದು ಎದುರು ಮನೆಯವರು ಹೇಳಿರಬೇಕು. ಅವನನ್ನು ಮೋಸಗಾರ ಎನ್ನುವಂತಿಲ್ಲ. ಕಾಗದ ಹೇಳಿದ್ದನ್ನೇ ಅವನೂ ಹೇಳುತ್ತ ಬಂದಿದ್ದ. ನಾನು ಮತ್ತೆ ಮೊದಲಿನಿಂದ ವಿವರಿಸಿದೆ.

“ಅಲ್ರಿ ಬಾಯಾರ, ಅಪ್ಪ ಹೋಗಿ ಇಷ್ಟ ವರ್ಷ ಆದ ಮ್ಯಾಲ ಅರ್ಥ ಬದಲಾತೇನ್ರಿ?” ಎಂದ.

“ಅರ್ಥ ಬದಲಾಗಿಲ್ಲರಿ. ನಾ ಬರದದ್ದ ತಪ್ಪಿತ್ತು.”

“ನಾಳೆ ಇನ್ನೊಬ್ಬರು ಬಂದು ನಿಮ್ಮದ ತಪ್ಪು ಅಂದ್ರ?”

ನ್ಯಾಯವಾದ ಪ್ರಶ್ನೆ. ಮೂಲ ತರಿಸಿ ಎಂದೆ. ಆಕೆ ಟ್ರಂಕಿನಿಂದ ತೆಗೆದಳು. ಮೈದುನ ಅದರ ಫೋಟೋ ಹೊಡೆದು ತನ್ನ ವಕೀಲರಿಗೆ ಮೊಬೈಲಿನಲ್ಲಿ ಕಳಿಸಿದ. ಸೋಸದೆ ಬಿಟ್ಟ ಚಹಾ ಆರಿ ಕೆನೆಗಟ್ಟಿತ್ತು. ಮುಕ್ಕಾಲು ತಾಸಿನ ಮೇಲೆ ಫೋನು ಬಂತು. ಮೈದುನ ಹ್ಞೂಂ, ಹ್ಞೂಂ ಎಂದು ಕೇಳಿಸಿಕೊಂಡು ಫೋನು ಕಿಸೆಗೆ ಹಾಕಿದ. “ಬಾಡಿಗಿ ಸುದ್ದಿನ ಇಲ್ಲಂತ ಅದರಾಗ,” ಎಂದ. ಅತ್ತಿಗೆಯ ಮುಖ ನೋಡದೆ, “ನಾಳೆ ಕಚೇರಿಗೆ ಹೋಗೂದ ಬ್ಯಾಡ ಬಿಡು, ಅತ್ತಿಗಿ. ಖೋಲಿ ನಿಂದು. ಏನ್ ಬೇಕಾರ ಮಾಡು,” ಎಂದು ಎದ್ದ. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ, ಬರೆದು ಕೊಟ್ಟು ಹೋಗಿರಿ ಎಂದ.

ಬರೆದು ಕೊಟ್ಟೆ. ‘ಯಾರಿಗೂ ಬಾಡಿಗೆಗೆ ಕೊಡದೆ ಎಂಬ ಮಾತು ಮೂಲದಲ್ಲಿ ಇಲ್ಲ. ಅದು ಭಾಷಾಂತರ ಮಾಡಿದ ನನ್ನ ತಪ್ಪು.’ ನನ್ನ ಜೀವನದಲ್ಲಿ ಅಷ್ಟು ಚಿಕ್ಕದಾಗಿ ಏನನ್ನೂ ಬರೆದಿರಲಿಲ್ಲ. ಕೆಳಗೆ ಸಹಿ ಮಾಡಿದೆ. ಆಕೆ ಕಾಗದವನ್ನು ಎರಡು ಸಲ ಓದಿಸಿಕೊಂಡಳು. ಮೊದಲ ಸಲ ಕೇಳಿದಳು, ಎರಡನೆಯ ಸಲ ಕಣ್ಣೊರಸಿಕೊಂಡಳು.

ಮತ್ತೆ ಹೊಸ ಚಹಾ ಮಾಡಿ ಕೊಟ್ಟಳು. ಕುಡಿದೆ. ಬಸ್ ನಿಲ್ದಾಣದ ತಿರುವಿನವರೆಗೆ ಕುಂಟುತ್ತಲೇ ಕಳಿಸಲು ಬಂದಳು, ಬೇಡ ಎಂದರೂ ಕೇಳಲಿಲ್ಲ. ದಾರಿಯಲ್ಲಿ ಯಾವುದೋ ಮನೆಯವರು ಖೋಲಿ ಬರೆದು ಕೊಡುವುದು ನಾಳೆಯೇ ಏನು ಎಂದು ಕೇಳಿದ್ದಕ್ಕೆ, “ಇಲ್ಲವಾ, ಅದು ನಮ್ಮ ಮಾವನೋರು ನನಗ ಕೊಟ್ಟದ್ದು,” ಎಂದಳು. ಬಸ್ಸು ಬರುವುದು ಕಂಡಿತು. ಇನ್ನು ಹೇಳದಿದ್ದರೆ ಹೇಳುವುದಾಗುವುದಿಲ್ಲ ಎಂದುಕೊಂಡು, “ಅಕ್ಕಾ, ನನ್ನ ಮ್ಯಾಲ ಸಿಟ್ಟು ಇಟ್ಟಕೋಬ್ಯಾಡ್ರಿ,” ಎಂದೆ.

ಆಕೆ ನನ್ನ ಕಡೆ ತಿರುಗಿದಳು. ನೋಟದಲ್ಲಿ ಕಾಠಿಣ್ಯವೇನೂ ಇರಲಿಲ್ಲ.

“ಸಿಟ್ಟು ಐತ್ರಿ ಬಾಯಾರ. ಇಲ್ಲ ಅಂದ್ರ ಸುಳ್ಳಾಕ್ಕೈತಿ. ಹನ್ನೊಂದ ವರ್ಷ ಮಾವನೋರ ಮ್ಯಾಲ ಇತ್ತು. ಇವತ್ತ ಅವರ ಮ್ಯಾಲಿಂದ ಇಳೀತು. ಈಗ ನಿಮ್ಮ ಮ್ಯಾಲ ಐತಿ.”

“ಇರ್ಲಿ ಅಕ್ಕಾ,” ಎಂದೆ. “ನನ್ನ ಮ್ಯಾಲ ಇರ್ಲಿ.”